ಸಹಿಯ ಕೆಳಗಿನ ಚುಕ್ಕಿ

ಆಗಸ್ಟ್ 12, ಸೋಮವಾರ. ಬೆಳಿಗ್ಗೆ 10.40

ಆಸ್ಪತ್ರೆಯ ಹಳೇ ಲಿಫ್ಟು. ಬ್ರೇಕ್ ಸರಿ. ಹಗ್ಗಗಳು ಸರಿ. ಮೂರನೇ ಮಹಡಿಯ ಬಾಗಿಲು ಮುಚ್ಚುವಾಗ ಕಿರ್ ಅನ್ನುತ್ತಿತ್ತು — ಹಳಿಯಲ್ಲಿ ಯಾರದೋ ಕೂದಲ ಪಿನ್ನು. ತೆಗೆದೆ. ಕೆಳಗೆ ಬಂದು ವಾಚ್‌ಮನ್ ಮೇಜಿನ ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿದೆ.

ನಮ್ಮ ಹಿರಿಯ ಮೆಕ್ಯಾನಿಕ್ ಮೇಸ್ತ್ರಿಯ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕುರ್ಚಿಯ ಒಂದು ಕಾಲು ಗಿಡ್ಡ. ಅಕ್ಷರಗಳೆಲ್ಲ ಓಲಾಡುತ್ತಿವೆ. ಎಷ್ಟು ವರ್ಷದಿಂದ ಹೀಗೇ ಇದೆ ಈ ಕುರ್ಚಿ... ಆರು ಮಹಡಿ ಲಿಫ್ಟ್ ರಿಪೇರಿ ಮಾಡುವ ನಮಗೆ ಇದೊಂದು ಕಾಲು ಸರಿಮಾಡಲು ಆಗಿಲ್ಲ.

ನಾನು ಹೋಗಬೇಕೆಂದಿರುವ ದೇಶದ ವೀಸಾಕ್ಕೆ ಬೇಕಾದ ಅಂಕ ಮತ್ತೊಮ್ಮೆ ಎಣಿಸಿದೆ. ವಯಸ್ಸು ಮೂವತ್ತೈದರೊಳಗೆ — ಎರಡು ಅಂಕ. ಅವರ ಭಾಷೆಯ ಮೊದಲ ಹಂತ ಪಾಸು — ಒಂದು. ಕಳೆದ ಏಳು ವರ್ಷದಲ್ಲಿ ಐದು ವರ್ಷ ಕಸುಬಿನ ಅನುಭವ — ಎರಡು. ಅವರ ದೇಶದಲ್ಲಿ ಲಿಫ್ಟ್ ಮೆಕ್ಯಾನಿಕ್‌ಗಳಿಗೆ ಬರ, ಕೊರತೆ ಪಟ್ಟಿಯಲ್ಲಿ ನಮ್ಮ ಕಸುಬಿದೆ — ಒಂದು. ಒಟ್ಟು ಆರು. ಬೇಕಾದದ್ದೂ ಆರು.

ಆರು ಇದ್ದವರಿಗೆ ಒಂದು ವರ್ಷದ ವೀಸಾ. ಅಲ್ಲಿಗೆ ಹೋಗಿ ಕೆಲಸ ಹುಡುಕಿಕೊಳ್ಳಬಹುದು. ಅರ್ಜಿ ಕೊಡಲು ನವೆಂಬರ್ 20ಕ್ಕೆ ಟೈಮ್ ಬುಕ್ ಮಾಡಿಟ್ಟಿದ್ದೇನೆ. ನವೆಂಬರ್ 30ಕ್ಕೆ ನನಗೆ ಮೂವತ್ತೈದು ತುಂಬುತ್ತದೆ. ಆಮೇಲೆ ವಯಸ್ಸಿಗೆ ಒಂದೇ ಅಂಕ. ಹತ್ತು ದಿನ ಕೈಯಲ್ಲಿದೆ. ಸಾಕು.

ಮಧ್ಯಾಹ್ನ ಮನೆ. ಯಜಮಾನರು ಬೇಕರಿಯಿಂದ ಬಂದು ಮೈಗೆಲ್ಲ ಹಿಟ್ಟು ಮೆತ್ತಿಕೊಂಡೇ ಊಟಕ್ಕೆ ಕೂತರು. ಲೆಕ್ಕ ತೋರಿಸಿದೆ.

“ಆರಕ್ಕೆ ಇಷ್ಟು ಖುಷಿನಾ? ಸ್ಕೂಲಲ್ಲಿ ನಂಗೆ ಆರು ಬಂದಾಗ ನಮ್ಮಪ್ಪ ಬೆಲ್ಟ್ ಬಿಚ್ಚಿದ್ರು.”

“ಅದು ನೂರಕ್ಕೆ ಆರು ರೀ.”

“ಓ. ಹಾಗಾದ್ರೆ ಅಪ್ಪಂದೇ ಸರಿ.”

ಯಾಕೆ ಹೋಗಬೇಕು ಎಂದು ಅವರು ಕೇಳುವುದು ಬಿಟ್ಟು ಆರು ತಿಂಗಳಾಯಿತು. ಉತ್ತರ ಅವರಿಗೆ ಬಾಯಿಪಾಠ. ಈ ಊರಿನಲ್ಲಿ ಅತಿ ಎತ್ತರದ ಕಟ್ಟಡ ಹನ್ನೊಂದು ಮಹಡಿ. ಅಲ್ಲಿ ಅರವತ್ತು. ಅರವತ್ತು ಮಹಡಿಯ ಲಿಫ್ಟ್ ಓಡುವ ಶಾಫ್ಟಿನ ತುದಿಯಲ್ಲಿ ನಿಂತು ಒಮ್ಮೆ ಕೆಳಗೆ ನೋಡಬೇಕು. ಆಮೇಲೆ ಆ ಲಿಫ್ಟು ಓಡಿಸಬೇಕು.

ಆಗಸ್ಟ್ 19, ಸೋಮವಾರ

ಆಫೀಸಿನಿಂದ ಅನುಭವ ಪತ್ರ ಬಂತು. ಮೊದಲು ಅಂಕಿ ನೋಡಬೇಕು, ಆಮೇಲೆ ವಾಕ್ಯ — ಅಪ್ಪ ಕಲಿಸಿದ್ದು. ಮೂವತ್ತು ವರ್ಷ ದಿನಪತ್ರಿಕೆಯಲ್ಲಿ ಪ್ರೂಫ್ ತಿದ್ದಿದವರು. ಅಂಕಿ ನೋಡಿದೆ. ಮೂರು ವರ್ಷ ಎಂದಿತ್ತು, ಒಂಬತ್ತಲ್ಲ.

ನಮ್ಮ ಗುಮಾಸ್ತರನ್ನು ನಾವೆಲ್ಲ ರಬ್ಬರ್ ಸ್ಟಾಂಪ್ ಅನ್ನುತ್ತೇವೆ. ಅವರ ಮೇಜಿಗೇ ಹೋದೆ.

“ಸರ್, ನಾನು ಸೇರಿ ಒಂಬತ್ತು ವರ್ಷ ಆಯ್ತಲ್ಲ?”

“ಆಯ್ತಮ್ಮ, ಯಾರು ಇಲ್ಲ ಅಂದ್ರು? ಆರು ವರ್ಷ ಸಹಾಯಕಿ, ಮೂರು ವರ್ಷ ಮೆಕ್ಯಾನಿಕ್. ಲೈಸೆನ್ಸ್ ಯಾವತ್ತು ಬಂತೋ ಅವತ್ತಿಂದ ಮೆಕ್ಯಾನಿಕ್.”

“ಆದ್ರೆ ಕೆಲಸ ಎಲ್ಲಾ ನಾನೇ...”

“ಸಹಿ ಯಾರದು?”

“ಮೇಸ್ತ್ರಿದು.”

“ಸಹಿ ಯಾರದೋ ಕೆಲಸ ಅವರದು. ನಾನೇನು ಏಣಿ ಹತ್ತಿ ನೋಡಕ್ಕಾಗತ್ತಾ? ನಾನು ಪುಸ್ತಕ ನೋಡೋನು.”

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ವೀಸಾದ ನಿಯಮ ಇನ್ನೊಮ್ಮೆ ಓದಿದೆ. ಸಹಾಯಕರಾಗಿ ದುಡಿದ ಕಾಲ ಲೆಕ್ಕಕ್ಕಿಲ್ಲ. ಮೂರು ವರ್ಷಕ್ಕೆ ಒಂದೇ ಅಂಕ. ಒಟ್ಟು ಐದು.

ಐದಿದೆ. ಒಂದು ಬೇಕು. ಬಿದ್ದ ಸ್ಕ್ರೂ ಹುಡುಕುವ ಹಾಗೆ ಹುಡುಕಬೇಕು — ನಿಂತ ಜಾಗದಿಂದ ಶುರು, ಸುತ್ತು ದೊಡ್ಡದು ಮಾಡುತ್ತ.

ಆಗಸ್ಟ್ 22, ಗುರುವಾರ. ಬೆಳಿಗ್ಗೆ 11

ಆಸ್ಪತ್ರೆ. ವಾಚ್‌ಮನ್‌ಗೆ ಹೇಳಿ ಬೀರು ತೆಗೆಸಿದೆ. ಹಳೇ ಲಾಗ್ ಬುಕ್ಕುಗಳು ನಾಲ್ಕು. ಲೈಸೆನ್ಸ್ ಬರುವ ಮುಂಚಿನ ನಾಲ್ಕು ವರ್ಷದವು. ಧೂಳಿಗೆ ಹದಿನಾಲ್ಕು ಸೀನು ಬಂತು, ಎಣಿಸಿದ್ದು ವಾಚ್‌ಮನ್.

ಆ ನಾಲ್ಕು ವರ್ಷ ಹೇಗೆ ನಡೆಯಿತೆಂದು ಒಮ್ಮೆ ನೇರವಾಗಿ ಬರೆದುಬಿಡುತ್ತೇನೆ. ಮೆಷಿನ್ ರೂಮ್ ಛಾವಣಿಯ ಮೇಲಿದೆ. ಕೊನೆಗೆ ಹದಿನೆಂಟು ಮೆಟ್ಟಿಲಿನ ಕಬ್ಬಿಣದ ಏಣಿ, ಗೋಡೆಗೆ ಅಂಟಿಕೊಂಡ ಹಾಗೆ ನೆಟ್ಟಗೆ. ನಾನು ಸೇರಿದ ಎರಡು ವರ್ಷಕ್ಕೆ ಮೇಸ್ತ್ರಿಯ ಮೊಣಕಾಲು ಕೆಟ್ಟಿತ್ತು. ಆಫೀಸಿಗೆ ಗೊತ್ತಾದರೆ ಸ್ಟೋರ್ ರೂಮಿಗೆ ಹಾಕುತ್ತಿದ್ದರು. ಲೈಸೆನ್ಸ್ ಇದ್ದವರು ಮೇಲೆ ಇರಬೇಕು, ಸಹಾಯಕರು ಜೊತೆಗಿರಬೇಕು — ಇದು ನಿಯಮ. ನಾನು ಒಬ್ಬಳೇ ಹತ್ತುತ್ತಿದ್ದೆ. ಅವರು ಕೆಳಗೆ ಈ ಕುಂಟು ಕುರ್ಚಿಯಲ್ಲಿ ಕೂರುತ್ತಿದ್ದರು. ಮೇಲಿನಿಂದ ಫೋನ್ ಮಾಡಿ ಒಂದೊಂದೇ ಹೇಳುತ್ತಿದ್ದೆ. ಅವರು ನೂರೆಂಟು ಪ್ರಶ್ನೆ ಕೇಳಿ, ಎರಡು ಸಲ ಅಳೆಸಿ, ಆಮೇಲೆ ಬರೆದು ಸಹಿ ಹಾಕುತ್ತಿದ್ದರು. ಒಂದು ಅನಾಹುತವೂ ಆಗಲಿಲ್ಲ. ಆದರೂ ತಪ್ಪು ತಪ್ಪೇ. ಇಬ್ಬರದೂ.

ಪುಟ ತಿರುವಿದೆ. ಎಲ್ಲ ಕಡೆ ಅವರದೇ ಸಹಿ. ಹೆಚ್ಚಿನ ಸಹಿಗಳ ಕೆಳಗೆ ಒಂದು ಚುಕ್ಕಿ. ಮೊದಲು ಪೆನ್ನು ಕಕ್ಕಿದ್ದಿರಬೇಕು ಅಂದುಕೊಂಡೆ. ಆದರೆ ಪೆನ್ನು ಪ್ರತಿಸಲ ಒಂದೇ ಜಾಗದಲ್ಲಿ ಕಕ್ಕುವುದಿಲ್ಲ. ಒಂದು ವರ್ಷದ್ದು ಎಣಿಸಿದೆ. ಇಪ್ಪತ್ತನಾಲ್ಕು ಭೇಟಿ. ಇಪ್ಪತ್ತೊಂದಕ್ಕೆ ಚುಕ್ಕಿ. ಚುಕ್ಕಿ ಇಲ್ಲದ ಮೂರು — ನನಗೆ ಜ್ವರ ಬಂದು ಮಲಗಿದ್ದ ವಾರಗಳು. ಆಗ ಬೇರೆ ಸಹಾಯಕನನ್ನು ಕರೆದುಕೊಂಡು ಅವರೇ ಏಣಿ ಹತ್ತಿದ್ದರು. ಆಮೇಲೆ ವಾರಗಟ್ಟಲೆ ಕುಂಟಿದ್ದರು.

ಆಗಸ್ಟ್ 23, ಶುಕ್ರವಾರ

ಮೇಸ್ತ್ರಿಯನ್ನು ಕೇಳಿದೆ. ವರ್ಕ್‌ಶಾಪಿನಲ್ಲಿ ಹಳೇ ಮೋಟಾರ್ ಬಿಚ್ಚುತ್ತಿದ್ದರು. ಕತ್ತೆತ್ತಲಿಲ್ಲ.

“ಯಾವ ಚುಕ್ಕಿ?”

“ಸಹಿ ಕೆಳಗೆ.”

ಸ್ಪ್ಯಾನರ್ ಹಾಕಿ ಇನ್ನೊಂದು ನಟ್ಟು ಬಿಚ್ಚಿದರು.

“ಅದು ನೀನು, ಇಂಜಿನಿಯರಮ್ಮ.”

ನಾನು ಸೇರಿದ ದಿನದಿಂದ ಹೀಗೇ ಕರೆಯುತ್ತಾರೆ. ಮೊದಲು ಕಿಚಾಯಿಸಲು, ಈಗ ಅಭ್ಯಾಸಕ್ಕೆ.

“ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಹತ್ತಿದ್ರು ಅಂತ ನಂಗಾದ್ರೂ ಗೊತ್ತಿರ್ಬೇಕಲ್ಲ. ಸುಳ್ಳು ಬರೆಯೋದೇನೋ ಬರೆದೆ. ಪೂರ್ತಿ ಸುಳ್ಳಾಗೋದು ಬೇಡ ಅಂತ.”

ಅನುಭವ ಪತ್ರದ ವಿಷಯ ಹೇಳಬಾರದು ಅಂದುಕೊಂಡಿದ್ದೆ. ಹೇಳಿಬಿಟ್ಟೆ. ಕೈ ಒರೆಸಿಕೊಂಡು ಎದ್ದು ನಿಂತರು. ನಿಲ್ಲಲು ಎರಡು ಸಲ ಪ್ರಯತ್ನ ಬೇಕಾಯಿತು.

“ಬರೆದುಕೊಡ್ತೀನಿ. ಹತ್ತಿದ್ದು ಅವಳು, ಸಹಿ ನನ್ದು ಅಂತ. ನನ್ನ ಮೊಣಕಾಲು ಮಾಡಿದ ತಪ್ಪಿಗೆ ನಿನ್ನ ಅಂಕ ಯಾಕೆ ಹೋಗ್ಬೇಕು?”

“ಡಿಸೆಂಬರ್ 31ಕ್ಕೆ ನೀವು ರಿಟೈರ್ ಆಗ್ತೀರಿ ಮೇಸ್ತ್ರಿ.”

“ಗೊತ್ತು. ಕ್ಯಾಲೆಂಡರ್ ನಮ್ಮನೇಲೂ ಇದೆ.”

ಆಗಸ್ಟ್ 25, ಭಾನುವಾರ

ಮನೆಯಲ್ಲಿ ಪಂಚಾಯಿತಿ.

ಯಜಮಾನರು: “ಅವರೇ ಕೊಡ್ತೀನಿ ಅಂತಿದ್ದಾರೆ. ನಿಜಾನೇ ಬರೀತಾರೆ. ತಗೊಳ್ಳೋಕೆ ನಿಂಗೇನು ಕಷ್ಟ?”

“ವೀಸಾದವರು ಕಾಗದ ನೋಡಿ ನಮ್ಮ ಆಫೀಸಿಗೆ ಫೋನ್ ಮಾಡ್ತಾರೆ ರೀ. ಅನುಭವ ಪತ್ರ ಎಲ್ಲಾ ಚೆಕ್ ಮಾಡ್ತಾರೆ. ಮೇಸ್ತ್ರಿ ತಾವು ಹೋಗದ ಜಾಗಕ್ಕೆ ನಾಲ್ಕು ವರ್ಷ ಸಹಿ ಹಾಕಿದ್ದಾರೆ ಅಂತ ಗೊತ್ತಾದ್ರೆ ಕೊನೇ ತಿಂಗಳಲ್ಲಿ ಮನೆಗೆ ಕಳಿಸ್ತಾರೆ. ಲೈಸೆನ್ಸ್ ಕಿತ್ಕೊತಾರೆ. ಮೂವತ್ತೆಂಟು ವರ್ಷದ ಹೆಸರು.”

“ಮತ್ತೆ ನಿನ್ನ ಹೆಸರು?”

ಅಪ್ಪ ಪೇಪರ್ ಹಿಂದಿನಿಂದಲೇ ಮಾತಾಡಿದರು.

“ಆ ಮನುಷ್ಯ ಮೋಸಗಾರ ಆಗಿದ್ರೆ ಚುಕ್ಕಿ ಹಾಕ್ತಿರ್ಲಿಲ್ಲ.”

“ಅಂದ್ರೆ ತಗೋಬೇಕಾ ಬೇಡ್ವಾ ಅಪ್ಪ?”

“ನಾನು ಪ್ರೂಫ್ ನೋಡೋನು. ತಪ್ಪು ಗುರುತು ಮಾಡ್ತೀನಿ. ತಿದ್ದೋದು ಬರೆದೋರ ಕೆಲಸ.”

ಮೇಸ್ತ್ರಿಗೆ ಫೋನ್ ಮಾಡಿ ಪತ್ರ ಬೇಡ ಅಂದೆ. ಅಂಕದ ಪಟ್ಟಿಯನ್ನು ಮತ್ತೆ ನೋಡಿದೆ. ವಯಸ್ಸು ಕಡಿಮೆ ಮಾಡಲಾಗದು. ಕಸುಬು ಇದ್ದದ್ದೇ. ಭಾಷೆ — ಎರಡನೇ ಹಂತ ಪಾಸಾದರೆ ಒಂದಲ್ಲ, ಎರಡು ಅಂಕ. ಪರೀಕ್ಷೆ ಅಕ್ಟೋಬರ್ 19. ಫಲಿತಾಂಶ ನವೆಂಬರ್ ಮಧ್ಯಕ್ಕೆ. ಸಾಲುತ್ತದೆ.

ಭಾಷೆ ಕಲಿಸುವ ಟೀಚರ್‌ಗೆ ಫೋನ್ ಮಾಡಿದೆ. ನಾಲ್ಕು ತಿಂಗಳ ಪಾಠ, ಎಂಟು ವಾರದಲ್ಲಿ ಆಗುವುದಿಲ್ಲ ಅಂದರು. ಆಗುವುದಿಲ್ಲ ಎಂದು ಪುಸ್ತಕದಲ್ಲಿ ಎಲ್ಲಾದರೂ ಬರೆದಿದೆಯಾ ಎಂದು ಕೇಳಿದೆ. ನಕ್ಕರು. ಹೆಸರು ಬರೆದುಕೊಂಡರು.

ಸೆಪ್ಟೆಂಬರ್ 1, ಭಾನುವಾರ

ಮೇಸ್ತ್ರಿ ಮನೆಗೇ ಬಂದರು. ಕಾಫಿ ಬೇಡ ಅಂದರು, ಎರಡು ಲೋಟ ಕುಡಿದರು. ಹೊರಡುವಾಗ ಅಂಟಿಸಿದ ಒಂದು ಲಕೋಟೆ ನನ್ನ ಟೂಲ್ ಬ್ಯಾಗಿನಲ್ಲಿಟ್ಟರು.

“ಬೇಡ ಅಂದ್ನಲ್ಲ ಮೇಸ್ತ್ರಿ.”

“ಬೇಡಾದ್ರೆ ಒಲೆಗೆ ಹಾಕು. ಸ್ಪೇರ್ ಪಾರ್ಟ್ ಇಲ್ದೆ ಯಾವ ಮೆಕ್ಯಾನಿಕ್ಕೂ ಮನೆ ಬಿಡಬಾರ್ದು.”

ಒಲೆಗೆ ಹಾಕಲಿಲ್ಲ. ತೆರೆಯಲೂ ಇಲ್ಲ. ಬ್ಯಾಗಿನ ತಳದಲ್ಲಿದೆ, ಗ್ರೀಸ್ ಡಬ್ಬದ ಕೆಳಗೆ.

ಸೆಪ್ಟೆಂಬರ್ 29, ಭಾನುವಾರ

ಬರೆಯದೆ ನಾಲ್ಕು ವಾರ. ಬರೆದದ್ದೆಲ್ಲ ಆ ಭಾಷೆಯಲ್ಲಿ.

ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ದಿನಕ್ಕೆ ಹತ್ತು ಪದ ಅಂಟಿಸುತ್ತೇನೆ. ಸ್ಪ್ಯಾನರ್ ಬೇಕಾದರೆ ಮೊದಲು ಪದ ಹೇಳಬೇಕು. ಮೇಸ್ತ್ರಿಗೂ ನಿಯಮ ಗೊತ್ತಾಗಿದೆ. ಅರ್ಥ ಗೊತ್ತಿಲ್ಲದಿದ್ದರೂ ಮುಚ್ಚಳ ಹಿಡಿದುಕೊಂಡು “ಹೇಳಮ್ಮ, ಇಲ್ದಿದ್ರೆ ಸ್ಪ್ಯಾನರ್ ಇಲ್ಲ” ಅನ್ನುತ್ತಾರೆ.

ಅಪ್ಪನಿಗೂ ಭಾಷೆ ಬಾರದು. ನಾನು ಬರೆದ ಪತ್ರವನ್ನೂ ಪುಸ್ತಕದ ಮಾದರಿ ಪತ್ರವನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೆಂಪು ಪೆನ್ನಿನಲ್ಲಿ ಹತ್ತು ತಪ್ಪು ಹುಡುಕಿದರು. ಟೀಚರ್ ಹುಡುಕಿದ್ದು ಎಂಟು.

“ಹೇಗಪ್ಪಾ?”

“ಭಾಷೆ ಬರದಿದ್ರೆ ಏನು, ಅಕ್ಷರ ಕಾಣತ್ತಲ್ಲ.”

ಯಜಮಾನರು ಬೆಳಗಿನ ಜಾವ ಬೇಕರಿಗೆ ಹೋಗುವ ಮುಂಚೆ ಆ ಭಾಷೆಯಲ್ಲಿ ಶುಭೋದಯ ಹೇಳಿದರು. ಉಚ್ಚಾರಣೆ ಕೇಳಿ ನಿದ್ದೆ ಹಾರಿಹೋಯಿತು. ಲಕೋಟೆಯ ಮಾತು ಆಮೇಲೆ ಅವರು ಎತ್ತಿಲ್ಲ.

ಮಾದರಿ ಪರೀಕ್ಷೆ: ಓದುವುದು 80, ಕೇಳುವುದು 66, ಬರೆಯುವುದು 70, ಮಾತಾಡುವುದು 55. ನಾಲ್ಕರಲ್ಲೂ 60 ಬರಬೇಕು. ಮಾತು ಒಂದೇ ಬಾಕಿ. ಬರುತ್ತದೆ.

ಅಕ್ಟೋಬರ್ 19, ಶನಿವಾರ. ಮಧ್ಯಾಹ್ನ 3

ಪರೀಕ್ಷೆ ಮುಗಿಯಿತು. ಓದು, ಕೇಳು, ಬರೆ — ನೀರು ಕುಡಿದ ಹಾಗೆ.

ಮಾತಿಗೆ ಇಬ್ಬಿಬ್ಬರನ್ನು ಒಟ್ಟಿಗೆ ಕೂರಿಸಿದರು. ನನ್ನ ಜೋಡಿ ಒಬ್ಬ ನರ್ಸ್. ಒಂದು ಚೀಟಿ ಕೊಟ್ಟರು. ‘ನೀವಿಬ್ಬರೂ ಒಂದೇ ಕಟ್ಟಡದ ಬಾಡಿಗೆದಾರರು. ಲಿಫ್ಟ್ ಎರಡು ದಿನದಿಂದ ಕೆಟ್ಟಿದೆ. ಏನು ಮಾಡಬೇಕೆಂದು ಮಾತಾಡಿಕೊಳ್ಳಿ.’

ಓದಿ ಕುಣಿಯುವಷ್ಟು ಖುಷಿಯಾಯಿತು. ಅದೇ ಯಡವಟ್ಟಾಯಿತು.

ಆ ನರ್ಸ್ ಪಾಪ, ಪಾಠ ಒಪ್ಪಿಸಿದಂತೆ “ಮಾಲೀಕರಿಗೆ ಪತ್ರ ಬರೆಯೋಣವೇ?” ಎಂದಳು. ನಾನು, “ಬಾಗಿಲು ಪೂರ್ತಿ ಮುಚ್ಚುತ್ತದೆಯೇ? ಯಾವ ಮಹಡಿಯಲ್ಲಿ ನಿಂತಿದೆ? ಒಳಗೆ ಯಾರಾದರೂ ಇದ್ದಾರೆಯೇ?” ಎಂದೆ. ಅವಳ ಮುಖ ಬಿಳಿಚಿತು. “ಗೊತ್ತಿಲ್ಲ” ಎಂದಳು. “ನೀವು ಬಾಗಿಲನ್ನು ಕೈಯಿಂದ ತೆರೆಯಬೇಡಿ, ನಾನು ಬರುತ್ತೇನೆ” ಎಂದೆ.

ಪರೀಕ್ಷಕರು ಪೆನ್ನು ಕೆಳಗಿಟ್ಟರು. “ಮೇಡಂ, ನೀವು ಬಾಡಿಗೆದಾರರು. ದಯವಿಟ್ಟು ರಿಪೇರಿ ಮಾಡಬೇಡಿ.”

ನಾಲ್ಕು ನಿಮಿಷದಲ್ಲಿ ಎರಡು ಹಾಳಾಯಿತು. ಉಳಿದ ಎರಡರಲ್ಲಿ ಬಾಡಿಗೆದಾರಳಾದೆ. ಪತ್ರ ಬರೆಯೋಣ ಎಂದೆ. ಮೇಲಿನ ಮನೆಯ ಅಜ್ಜಿಗೆ ತರಕಾರಿ ತಂದುಕೊಡೋಣ ಎಂದೆ. ಆದರೆ ಮನಸ್ಸೆಲ್ಲ ಬಾಗಿಲ ಹಳಿಯಲ್ಲೇ ಇತ್ತು.

ಹೊರಗೆ ಬಂದ ಮೇಲೆ ನರ್ಸ್ ಕೇಳಿದಳು, “ಅಕ್ಕಾ, ನಮ್ಮ ಹಾಸ್ಟೆಲ್ ಲಿಫ್ಟು ನಿಜವಾಗ್ಲೂ ಕೆಟ್ಟಿದೆ, ನಂಬರ್ ಕೊಡ್ತೀರಾ?” ಕೊಟ್ಟೆ.

ನವೆಂಬರ್ 8, ಶುಕ್ರವಾರ

ಫಲಿತಾಂಶ ಬಂದಿಲ್ಲ. ನನಗೆ ಮೂವತ್ತೈದು ತುಂಬಲು ಇಪ್ಪತ್ತೆರಡು ದಿನ.

ಇವತ್ತು ಊಟದ ಹೊತ್ತಿನಲ್ಲಿ ಲಕೋಟೆ ಹೊರಗೆ ತೆಗೆದೆ. ಗ್ರೀಸ್ ಹತ್ತಿ ಒಂದು ಮೂಲೆ ಪಾರದರ್ಶಕವಾಗಿದೆ. ಒಳಗಿನ ಒಂದು ಪದದ ಬಾಲ ಕಾಣುತ್ತದೆ. ಎದುರಿಗೆ ಮೇಸ್ತ್ರಿ ಕೂತು ರೊಟ್ಟಿ ಹರಿಯುತ್ತಿದ್ದರು. ನೋಡಿದರು. ನೋಡದವರ ಹಾಗೆ ಇದ್ದರು.

ಮಾತಿನ ಪರೀಕ್ಷೆಯಲ್ಲಿ ಐವತ್ತೊಂಬತ್ತೇ ಬಂದರೆ? ಆಗ ಇದನ್ನು ಕೊಡುತ್ತೇನೆಯೇ? ನೇರವಾಗಿ ಕೇಳಿಕೊಂಡೆ. ಕೊಡುವುದಿಲ್ಲ ಎಂದು ಉತ್ತರ ಬಂತು — ಆದರೆ ತಕ್ಷಣ ಬರಲಿಲ್ಲ. ಅಷ್ಟನ್ನೂ ಇಲ್ಲಿ ಬರೆದಿಡುತ್ತೇನೆ.

ಮತ್ತೆ ಒಳಗಿಟ್ಟೆ.

ನವೆಂಬರ್ 14, ಗುರುವಾರ. ಬೆಳಿಗ್ಗೆ 9.15

ಹನ್ನೊಂದು ಮಹಡಿಯ ಕಟ್ಟಡ. ಲಿಫ್ಟಿನ ತಲೆಯ ಮೇಲೆ ನಿಂತು ಕೆಲಸ. ಶಾಫ್ಟಿನೊಳಗೆ ಸಿಗ್ನಲ್ ಇಲ್ಲ. ಹೊರಗೆ ಬಂದಾಗ ಫೋನು ಒಮ್ಮೆಲೇ ನಾಲ್ಕು ಸಲ ನಡುಗಿತು.

ಅಂಕಿ ಮೊದಲು.

ಓದುವುದು 88. ಬರೆಯುವುದು 74. ಕೇಳುವುದು 71. ಮಾತಾಡುವುದು 61.

ಅರವತ್ತೊಂದು!

ಮೇಸ್ತ್ರಿಗೆ ತೋರಿಸಿದೆ. ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು.

“ಒಂದು ಜಾಸ್ತಿನೇ ಬಂತಲ್ಲೇ. ವೇಸ್ಟು.”

ನವೆಂಬರ್ 20, ಬುಧವಾರ. ಮಧ್ಯಾಹ್ನ

ವೀಸಾ ಕಚೇರಿ. ಕಿಟಕಿ ನಂಬರ್ ಮೂರು. ಗಾಜಿನ ಹಿಂದೆ ಅಧಿಕಾರಿ ಹೆಂಗಸು, ನನ್ನ ವಯಸ್ಸಿನವರೇ. ಮಾತೆಲ್ಲ ಅವರ ಭಾಷೆಯಲ್ಲಿ. ಕಾಗದ ಒಂದೊಂದೇ ತಿರುವಿದರು. ಅಪ್ಪ ಮೂರು ಸಲ ಪ್ರೂಫ್ ನೋಡಿದ ಕಾಗದಗಳು. ಅನುಭವ ಪತ್ರದ ಹತ್ತಿರ ನಿಂತರು.

“ಒಂಬತ್ತು ವರ್ಷದಿಂದ ಒಂದೇ ಕಂಪನಿ. ಮೂರು ವರ್ಷ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದಕ್ಕೂ ಮುಂಚೆ ಏನು ಮಾಡುತ್ತಿದ್ದಿರಿ?”

“ಏಣಿ ಹತ್ತುತ್ತಿದ್ದೆ.”

“ಅಷ್ಟು ವರ್ಷವೂ?”

“ಅಷ್ಟು ವರ್ಷವೂ. ಹದಿನೆಂಟು ಮೆಟ್ಟಿಲು.”

ನಕ್ಕರು. “ಅನುಭವಕ್ಕೆ ಬೇರೆ ದಾಖಲೆ ಏನಾದರೂ ಇದೆಯೇ?”

ಕಾಗದಪತ್ರದ ಬ್ಯಾಗು ತೊಡೆಯ ಮೇಲಿತ್ತು. ಮೇಸ್ತ್ರಿಯ ಸ್ಪೇರ್ ಪಾರ್ಟನ್ನೂ ಅದಕ್ಕೆ ಹಾಕಿಕೊಂಡಿದ್ದೆ. ಲಕೋಟೆಯ ಮೂಲೆ ಬೆರಳಿಗೆ ತಾಗುತ್ತಿತ್ತು.

“ಕೊಡುವಂಥದ್ದು ಇಲ್ಲ.”

ಪೆನ್ಸಿಲ್ಲಿನಲ್ಲಿ ಒಂದೊಂದಾಗಿ ಬರೆದರು. ತಲೆಕೆಳಗಾಗಿ ಓದಿದೆ — ಪ್ರೂಫ್ ರೀಡರ್ ಮಗಳಿಗೆ ಅದೇನು ಕಷ್ಟವಲ್ಲ. ಎರಡು. ಎರಡು. ಒಂದು. ಒಂದು. ಕೆಳಗೆ ಗೆರೆ. ಗೆರೆಯ ಕೆಳಗೆ ಆರು.

ಮನೆಗೆ ಬಂದಾಗ ಯಜಮಾನರು ಬೇಕರಿಯಿಂದ ಆರರ ಆಕಾರದ ಬ್ರೆಡ್ ಮಾಡಿ ತಂದಿದ್ದರು.

“ಆರು ಬರದೇ ಇದ್ದಿದ್ರೆ ಏನ್ ಮಾಡ್ತಿದ್ರಿ?”

“ತಿರುಗಿಸಿ ಒಂಬತ್ತು ಅಂತಿದ್ದೆ. ಒಂಬತ್ತು ವರ್ಷ ದುಡಿದಿದ್ದಕ್ಕೆ.”

ಅಪ್ಪ ಆರರ ಬಾಲ ಮುರಿದು ಬಾಯಿಗೆ ಹಾಕಿಕೊಂಡರು. “ಉಪ್ಪು ಕಮ್ಮಿ” ಅಂದರು. ತಪ್ಪು ಗುರುತು ಮಾಡಿಯಾಯಿತು.

ನವೆಂಬರ್ 21, ಗುರುವಾರ

ಮೇಸ್ತ್ರಿಗೆ ಲಕೋಟೆ ವಾಪಸು ಕೊಟ್ಟೆ. ತಿರುಗಿಸಿ ನೋಡಿದರು. ಅಂಟು ಬಿಚ್ಚಿಲ್ಲ.

“ಒಳಗೆ ಏನಿದೆ ಅಂತ ನೋಡ್ಲೇ ಇಲ್ವಾ?”

“ಇಲ್ಲ.”

“ಒಳ್ಳೆ ಅಕ್ಷರದಲ್ಲಿ ಬರೆದಿದ್ದೆ ಕಣಮ್ಮ. ಎರಡು ಸಲ ಕಾಪಿ ಮಾಡಿದ್ದೆ.”

ಬೇಸರವೋ ಸಮಾಧಾನವೋ ಮುಖದಲ್ಲಿ ತಿಳಿಯಲಿಲ್ಲ. ಆಸ್ಪತ್ರೆಯಲ್ಲೇ ಇದ್ದೆವು. ಕುರ್ಚಿಯಲ್ಲಿ ಕೂತು ಆ ಕಡೆ ಈ ಕಡೆ ಒಮ್ಮೆ ಓಲಾಡಿದರು. ಆಮೇಲೆ ಲಕೋಟೆಯನ್ನು ಎರಡು ಮಡಿಸಿದರು, ನಾಲ್ಕು ಮಡಿಸಿದರು, ಎಂಟು. ಬಗ್ಗಿ ಗಿಡ್ಡ ಕಾಲಿನ ಕೆಳಗೆ ತುರುಕಿದರು. ಕೂತು ನೋಡಿದರು.

ಅಲುಗಾಡಲಿಲ್ಲ.

ಡಿಸೆಂಬರ್ 27, ಶುಕ್ರವಾರ

ಪಾಸ್‌ಪೋರ್ಟ್ ಬಂತು. ಹದಿಮೂರನೇ ಪುಟದಲ್ಲಿ ವೀಸಾ. ಒಂದು ವರ್ಷ. ಕೆಲಸ ಸಿಕ್ಕಿಲ್ಲ, ಹುಡುಕುವ ಹಕ್ಕು ಸಿಕ್ಕಿದೆ. ಫೆಬ್ರವರಿ 3ಕ್ಕೆ ಟಿಕೆಟ್. ಕೆಲಸ ಸಿಕ್ಕ ಮೇಲೆ ಯಜಮಾನರೂ ಅಪ್ಪನೂ ಬರುತ್ತಾರೆ. ಬ್ರೆಡ್ ತಿನ್ನದ ದೇಶ ಇಲ್ಲ ಎಂದು ಇವರ ಧೈರ್ಯ.

ಅಪ್ಪ ವೀಸಾವನ್ನೂ ಪ್ರೂಫ್ ನೋಡಿದರು. ಹೆಸರು, ತಾರೀಖು, ಅಂಕಿ. ಒಂದೂ ತಪ್ಪಿಲ್ಲ.

ಡಿಸೆಂಬರ್ 31, ಮಂಗಳವಾರ. ಬೆಳಿಗ್ಗೆ 10.30

ಆಸ್ಪತ್ರೆ. ಮೇಸ್ತ್ರಿಯ ಕೊನೆಯ ದಿನ. ಆಫೀಸಿನಲ್ಲಿ ಮಧ್ಯಾಹ್ನ ಹಾರ, ಭಾಷಣ. ರಬ್ಬರ್ ಸ್ಟಾಂಪ್ ಭಾಷಣ ಬರೆದಿಟ್ಟಿದ್ದಾರಂತೆ. ಅದಕ್ಕೂ ಮುಂಚೆ ಇಲ್ಲೊಂದು ಭೇಟಿ ಬಾಕಿಯಿತ್ತು.

ನಾನು ಟೂಲ್ ಬ್ಯಾಗ್ ಎತ್ತಿಕೊಂಡೆ. ಕೈಯಿಂದ ಕಿತ್ತುಕೊಂಡರು.

“ನೀನು ಕೂತ್ಕೋ.”

“ಮೇಸ್ತ್ರಿ, ಮೊಣಕಾಲು!”

“ಡಾಕ್ಟರ್ ಮೇಲೆ ಮೂರನೇ ಮಹಡೀಲೇ ಇದ್ದಾರೆ, ಬಿದ್ರೆ ದೂರ ಹೋಗ್ಬೇಕಿಲ್ಲ. ನಾಲ್ಕು ವರ್ಷ ನನ್ನ ಹೆಸರಲ್ಲಿ ನೀನು ಹತ್ತಿದೆ. ಒಂದು ಸಲ ನಿನ್ನ ಹೆಸರಲ್ಲಿ ನಾನು ಹತ್ತಿ ನೋಡ್ತೀನಿ. ಸಹಿ ನೀನು ಹಾಕು.”

ಇಬ್ಬರಿಗೂ ಲೈಸೆನ್ಸ್ ಇದೆ. ಇಬ್ಬರೂ ಬಂದಿದ್ದೇವೆ. ಒಬ್ಬರು ಮೇಲೆ, ಒಬ್ಬರು ಕೆಳಗೆ. ಇಬ್ಬರಲ್ಲಿ ಯಾರು ಸಹಿ ಹಾಕಿದರೂ ಸುಳ್ಳಾಗುವುದಿಲ್ಲ. ನಿಯಮ ಮನಸ್ಸಿನಲ್ಲೇ ಒಮ್ಮೆ ಓದಿ ನೋಡಿ ಒಪ್ಪಿದೆ. ಆದರೂ ವಾಚ್‌ಮನ್ನನ್ನು ಏಣಿಯ ಬುಡದಲ್ಲಿ ನಿಲ್ಲಲು ಹಿಂದೆಯೇ ಕಳಿಸಿದೆ.

ಕುರ್ಚಿಯಲ್ಲಿ ಕೂತಿದ್ದೇನೆ. ಅಕ್ಷರ ನೆಟ್ಟಗೆ ಬರುತ್ತಿದೆ. ಮೇಲೆ ಹೋಗಿ ಇಪ್ಪತ್ತು ನಿಮಿಷ ಆಯಿತು. ಹದಿನೆಂಟು ಮೆಟ್ಟಿಲು, ಮೆಟ್ಟಿಲಿಗೊಂದು ನಿಮಿಷ ಅಂದರೂ...

ಫೋನ್ ಬಂತು. ಏದುಸಿರು.

“ಬರ್ಕೋ, ಇಂಜಿನಿಯರಮ್ಮ. ಬ್ರೇಕ್ ಸರಿ.”

“ಎಷ್ಟು ಮಿಲಿಮೀಟರ್ ಇದೆ?”

“ಸರಿ ಅಂದ್ನಲ್ಲ!”

“ಅಳೆದು ಹೇಳಿ ಮೇಸ್ತ್ರಿ. ಎರಡು ಸಲ.”

ಆ ಕಡೆ ಸ್ವಲ್ಪ ಹೊತ್ತು ಬೈಗುಳ, ಆಮೇಲೆ ನಗು. ಅಳೆದು ಹೇಳಿದರು. ಹಗ್ಗ ಸರಿ. ಬಾಗಿಲು ಸರಿ. ಎಲ್ಲ ಬರೆದುಕೊಂಡೆ. ಲಾಗ್ ಬುಕ್ಕಿನಲ್ಲಿ ತಾರೀಖು ಹಾಕಿದೆ. ಸಹಿ ಹಾಕಿದೆ. ಸಹಿಯ ಕೆಳಗೆ, ಅವರು ಹಾಕುತ್ತಿದ್ದ ಅದೇ ಜಾಗದಲ್ಲಿ, ಒಂದು ಚುಕ್ಕಿ ಇಟ್ಟೆ.